ಕಣದ ಅಂಚಿನಲ್ಲಿ ಬಿಟ್ಟ ಚಪ್ಪಲಿ

ದವಾಖಾನೆಯಲ್ಲಿ ನನ್ನ ಮೇಜಿನ ಹಿಂದೆ ಈಗ ಕೂರುವ ಹುಡುಗಿ ಮೊನ್ನೆ ಫೋನು ಮಾಡಿದ್ದಳು. ಆಹಾರಶಾಸ್ತ್ರ ಓದಿ ಬಂದವಳು, ಚುರುಕಾಗಿದ್ದಾಳೆ. "ಮೇಡಂ, ಪೇಶಂಟ್ ಬಂದ ಕೂಡ್ಲೆ ನೀವು ಮೊದಲ ಏನು ಕೇಳ್ತಿದ್ರಿ? ಮುಂಜಾನೆ ಏನು ತಿಂದ್ರಿ ಅಂತನಾ, ನಿನ್ನೆ ಏನು ತಿಂದ್ರಿ ಅಂತನಾ?"

"ಎರಡೂ ಅಲ್ಲವ್ವಾ. ಚಪ್ಪಲಿ ಬಿಡ್ರಿ ಅಂತಿದ್ದೆ" ಅಂದೆ.

ಸ್ವಚ್ಛತೆಗೆ ಹೇಳುತ್ತಿದ್ದೇನೆ ಎಂದುಕೊಂಡಳು. "ಈಗ ಇಲ್ಲಿ ಟೈಲ್ಸ್ ಹಾಕ್ಸ್ಯಾರ ಮೇಡಂ, ಎಲ್ರೂ ಹೊರಗ ಬಿಟ್ಟ ಬರ್ತಾರ" ಎಂದಳು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅನ್ನಿಸಿತು. ಆದರೆ ಹೇಳದೆ ಬಿಡುವುದೂ ಸರಿಯಲ್ಲ. ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಬರುವ ಉಳಿದ ಮಕ್ಕಳಿಗೂ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆಂದು ಮನೆಯಿಂದ ಹೊರಟವಳಲ್ಲ. ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಗಂಗಾವತಿಗೆ ಬಂದು, ಅಡುಗೆಮನೆ ನೋಡಿಕೊಂಡಿದ್ದೆ. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯುವ ಹೊತ್ತಿಗೆ ಅವರ ಒಂದು ಕಣ್ಣಿನ ನೋಟ ಮಂಜಾಗಿತ್ತು. ಆಮೇಲೆ ನನಗೆ ಹಟ ಬಂತು. ಆಗ ಮನೆಯಲ್ಲೇ ಮೂತ್ರಕ್ಕೆ ಒಂದು ನೀಲಿ ದ್ರಾವಣ ಬೆರೆಸಿ ಗಾಜಿನ ಕೊಳವೆಯಲ್ಲಿ ಕುದಿಸಿ ಬಣ್ಣ ನೋಡುತ್ತಿದ್ದೆವು. ನೀಲಿಯಾಗಿಯೇ ಉಳಿದರೆ ಮನೆಯಲ್ಲಿ ಮಾತುಕತೆ ಇರುತ್ತಿತ್ತು. ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಆ ದಿನ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವರ ತಾಟಿನಲ್ಲಿ ಅನ್ನ ಕಡಿಮೆ ಮಾಡುತ್ತ, ಪಲ್ಯ ಹೆಚ್ಚು ಮಾಡುತ್ತ, ಆ ಬಣ್ಣವನ್ನು ನೀಲಿಯಲ್ಲಿ ನಿಲ್ಲಿಸುವುದನ್ನು ಕಲಿತೆ. ಅವರನ್ನು ನೋಡುತ್ತಿದ್ದ ಡಾಕ್ಟರು ಒಂದು ದಿನ, "ನೀವು ಮನ್ಯಾಗ ಮಾಡೋದನ್ನ ನನ್ನ ಪೇಶಂಟ್‌ಗಳಿಗೂ ಹೇಳ್ರಿ. ನಾನು ಹೇಳಿದ್ರ ಹೂಂ ಅಂತಾರ, ಹೊರಗ ಹೋಗಿ ಮಂಡಕ್ಕಿ ತಿಂತಾರ" ಎಂದರು. ದವಾಖಾನೆಯಲ್ಲಿ ಮಹಡಿ ಮೆಟ್ಟಿಲಿನ ಕೆಳಗೆ ಒಂದು ಮೇಜು ಹಾಕಿಸಿಕೊಟ್ಟರು. ಎತ್ತರದವರು ಎದ್ದಾಗ ತಲೆ ತಾಗುತ್ತಿತ್ತು. ನನ್ನ ಕೆಲಸ ಹಾಗೆ ಶುರುವಾಯಿತು.

ಕಾನ್ವೆಂಟಿನ ಊಟದ ಕೋಣೆಯಲ್ಲಿ ಸಿಸ್ಟರು ನಮಗೆ ಕಲಿಸಿದ್ದು, ಇನ್ನೊಬ್ಬರ ತಟ್ಟೆ ನೋಡಬಾರದು ಎಂದು. ಯಾರಿಗೆ ಏನು ಸಿಕ್ಕಿದೆ, ಯಾರು ಎಷ್ಟು ಬಡಿಸಿಕೊಂಡರು ಎಂದು ಕಣ್ಣು ಹಾಯಿಸಿದರೆ ಮೆತ್ತಗೆ ಕಿವಿ ಹಿಂಡುತ್ತಿದ್ದರು. ಮುಂದೆ ನನಗೆ ಸಿಕ್ಕ ಒಂದೇ ಒಂದು ಉದ್ಯೋಗ, ದಿನವೆಲ್ಲ ಇನ್ನೊಬ್ಬರ ತಟ್ಟೆ ನೋಡುವುದು. ಮೊದಮೊದಲು ಕೇಳುವುದಕ್ಕೇ ಸಂಕೋಚವಾಗುತ್ತಿತ್ತು. ಶರ್ಕರಪಿಷ್ಟ, ನಾರಿನಾಂಶ ಎಂದು ಪುಸ್ತಕದ ಮಾತು ಹೇಳಿದೆ. ಎದುರಿಗಿದ್ದ ನವಲಿಯ ಅಜ್ಜ ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಖರೆ ಐತಿ ಅಕ್ಕಾರ, ಅನ್ನ ಎಷ್ಟು ಉಣ್ಣಲಿ ಅಷ್ಟ ಹೇಳ್ರಿ" ಎಂದ. ಮರುದಿನದಿಂದ ಮನೆಯಿಂದ ಒಂದು ಸ್ಟೀಲ್ ತಾಟು ಒಯ್ದು ಮೇಜಿನ ಮೇಲಿಟ್ಟೆ. ಅದರಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದೆ: ಇಷ್ಟು ಪಲ್ಯ, ಇಷ್ಟು ಕಾಳು, ಇಲ್ಲಿ ತತ್ತಿ ಇಲ್ಲವೆ ಮೀನು, ಅನ್ನ ಈ ಮೂಲೆಯಲ್ಲಿ ಇಷ್ಟೇ ಇಷ್ಟು. ಆ ತಾಟು ಈಗಲೂ ಅಲ್ಲೇ ಇದೆ.

ನಮ್ಮ ಒಂದು ತಪ್ಪನ್ನೂ ಹೇಳಬೇಕು. ನಮ್ಮ ಕಡೆ ಕಾಲುವೆ ಇದ್ದಲ್ಲೆಲ್ಲ ಅನ್ನ. ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆ ಹೋದರೆ ಜೋಳದ ರೊಟ್ಟಿ. ಅನ್ನ ಬಿಡಿ, ರೊಟ್ಟಿ ತಿನ್ನಿ, ಹೊಟ್ಟೆ ತುಂಬ ತಿನ್ನಿ ಎಂದು ಎಷ್ಟೋ ಕಾಲ ಹೇಳಿದೆವು. ಡಾಕ್ಟರೂ ಹೇಳಿದರು, ನಾನೂ ಹೇಳಿದೆ. ಬೆರಳಿಗೆ ಚುಚ್ಚಿ ಪಟ್ಟಿಗೆ ರಕ್ತ ತಾಗಿಸಿ ನೋಡುವ ಚಿಕ್ಕ ಯಂತ್ರ ಮನೆಮನೆಗೆ ಬಂದಾಗ ಕುಷ್ಟಗಿಯ ಕಂಡಕ್ಟರ್ ಒಬ್ಬರು ಅದನ್ನು ಕೊಂಡು, ಊಟಕ್ಕೆ ಮೊದಲೂ ಊಟವಾಗಿ ಎರಡು ತಾಸಿಗೂ ನೋಡಿಕೊಂಡು ಬಂದರು. ರೊಟ್ಟಿ ಉಂಡ ಮೇಲೂ ಸಕ್ಕರೆ ಅನ್ನದಷ್ಟೇ ಏರಿತ್ತು. ತಿಂದದ್ದು ಒಂದಲ್ಲ ಎರಡಲ್ಲ, ನಾವು ಹೇಳಿದಂತೆ ಹೊಟ್ಟೆ ತುಂಬ. ಡಾಕ್ಟರು ಅಂಕಿಗಳನ್ನು ನೋಡಿ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಆಮೇಲೆ, "ರೊಟ್ಟಿನೂ ಅರ್ಧಕ್ಕ ಇಳಿಸ್ಬೇಕ್ರಿ" ಎಂದರು. ಕಂಡಕ್ಟರು ನನ್ನ ಕಡೆ ತಿರುಗಿ, "ಅನ್ನದ ಮ್ಯಾಲಿತ್ತು ನಿಮ್ಮ ಕಣ್ಣು, ಈಗ ನಮ್ಮ ರೊಟ್ಟಿ ಮ್ಯಾಲೂ ಬಿತ್ತೇನ್ರಿ?" ಎಂದರು. ನಗುತ್ತಲೇ ಅಂದದ್ದು. ಆದರೆ ಅಷ್ಟು ವರ್ಷ ನಮ್ಮ ಮಾತು ನಂಬಿ ರೊಟ್ಟಿ ತಿಂದವರೆಲ್ಲ ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಬಂದರು.

ಇನ್ನೊಂದು ಸಂಗತಿಯನ್ನು ಹೊಸಬರು ಮರೆಯಬಾರದು. ಯಲಬುರ್ಗಾದ ಕಡೆಯ ರೈತನೊಬ್ಬ ನಮ್ಮ ಮಾತಿಗೆ ಮರುಳಾಗಿ ಅನ್ನ ರೊಟ್ಟಿ ಎರಡನ್ನೂ ಒಮ್ಮೆಲೆ ಬಿಟ್ಟ. ಇನ್ಸುಲಿನ್ ಮಾತ್ರ ಹಳೆಯ ಅಳತೆಯಲ್ಲೇ ಚುಚ್ಚಿಕೊಂಡ. ಬಸ್‌ಸ್ಟ್ಯಾಂಡಿನಲ್ಲಿ ಬೆವತು, ತೊದಲಿ, ಕಂಬ ಹಿಡಿದು ನಿಂತವನನ್ನು ಜನ ಕುಡುಕ ಎಂದು ಬೈದು ದೂಡಿದರು. ನಮ್ಮ ಕಂಪೌಂಡರ್ ಮೌಲಾಸಾಬ ಅದೇ ದಾರಿಯಲ್ಲಿ ಬರದಿದ್ದರೆ ಏನಾಗುತ್ತಿತ್ತೋ. ಅವನ ಗುರುತು ಹಿಡಿದು ಚಹಾದ ಅಂಗಡಿಯಿಂದ ಸಕ್ಕರೆ ನೀರು ತಂದು ಕುಡಿಸಿದ. ಆ ರೈತ ಆಮೇಲೆ ಬಂದು, "ಸಕ್ಕರಿ ವಿಷ ಅಂತೀರಿ, ಸಾಯಾಕ ಬಿದ್ರ ಸಕ್ಕರಿನ ಕುಡಸ್ತೀರಿ. ಯಾವ್ದರ ಒಂದು ಹೇಳ್ರಿ" ಎಂದು ಜಗಳ ಮಾಡಿದ. ಊಟ ಇಳಿಸುವ ಮೊದಲು ಸೂಜಿ, ಗುಳಿಗೆ ಎಷ್ಟು ಇಳಿಸಬೇಕೆಂದು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ನಾನು ಆ ದಿನದಿಂದ ತಾಟಿನ ಮಾತು ತೆಗೆಯುವ ಮೊದಲು ಔಷಧದ ಚೀಟಿ ಕೇಳುತ್ತಿದ್ದೆ.

ಚಪ್ಪಲಿ ಬಿಡಿಸುವ ರೂಢಿ ಬಂದದ್ದು ಹುಲಿಗೆವ್ವನಿಂದ.

ಅವಳು ಕಾರಟಗಿಯವಳು. ಅಲ್ಲಿನ ಒಂದು ಸಣ್ಣ ಅಕ್ಕಿ ಗಿರಣಿಯಲ್ಲಿ ಕೂಲಿ. ದೊಡ್ಡ ಗಿರಣಿಗಳಲ್ಲಿ ಕುದಿಸಿದ ಭತ್ತ ಒಣಗಿಸಲು ಯಂತ್ರ ಬಂದಿದೆ. ಆ ಗಿರಣಿಯಲ್ಲಿ ಮಾತ್ರ ಇನ್ನೂ ಸಿಮೆಂಟಿನ ಕಣ ಇತ್ತು. ಹಬೆಯಾಡುವ ಭತ್ತವನ್ನು ಬಿಸಿಲಿಗೆ ಹರವಿ, ಹೆಂಗಸರು ಬರಿಗಾಲಲ್ಲಿ ಅದರ ಮೇಲೆ ಕಾಲೆಳೆಯುತ್ತ ಸಾಲು ಹಿಡಿದು ನಡೆಯುತ್ತಾರೆ. ಕಾಲಿನಿಂದಲೇ ಕಾಳು ಮಗುಚುತ್ತದೆ. ಕೆಳಗೆ ಕಾದ ಸಿಮೆಂಟು, ಮೇಲೆ ನಮ್ಮ ಕಡೆಯ ಬಿಸಿಲು.

ಅವಳು ಬಂದದ್ದು ನೀರಡಿಕೆ ಮತ್ತು ಸುಸ್ತು ಎಂದು. ಸೊಸೆ ರೇಣುಕಾ ಜೊತೆಗಿದ್ದಳು. ನನ್ನ ಎದುರು ಕೂತು ಹುಲಿಗೆವ್ವ ಊಟದ ವಿಚಾರ ಹೇಳುತ್ತಿದ್ದಳು. ಗಿರಣಿಯಲ್ಲಿ ನುಚ್ಚಕ್ಕಿ ಅಗ್ಗಕ್ಕೆ ಸಿಗುತ್ತದೆ, ಮೂರು ಹೊತ್ತೂ ಅದರದೇ ಅನ್ನ, ಸಾರು. ನನ್ನ ಕಣ್ಣು ಯಾಕೋ ಕೆಳಗೆ ಹೋಯಿತು. ಅವಳ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಒಂದು ನೊಣ ಕೂತಿತ್ತು. ಹಾರಿತು, ಮತ್ತೆ ಕೂತಿತು. ಅವಳು ಕಾಲು ಕೊಡವಲಿಲ್ಲ. ಮಾತು ನಡೆದೇ ಇತ್ತು.

"ಹುಲಿಗೆವ್ವಾ, ಚಪ್ಪಲಿ ಬಿಡವಾ ಸ್ವಲ್ಪ" ಅಂದೆ.

ಪಾದದ ಅಡಿಯಲ್ಲಿ ಅರಿಶಿನ ಮೆತ್ತಿದ ಹುಣ್ಣು. ಅಂಚಿನಲ್ಲಿ ಭತ್ತದ ಹೊಟ್ಟಿನ ಒಂದು ಚೂರು ಚುಚ್ಚಿಕೊಂಡಿತ್ತು. ಮೇಜಿನ ಖಾನೆಯಲ್ಲಿ ನನ್ನ ಕಾನ್ವೆಂಟಿನ ಕಸೂತಿ ಕತ್ತರಿ ಇಟ್ಟಿರುತ್ತಿದ್ದೆ, ಪಟ್ಟಿ ಕತ್ತರಿಸಲು ಬೇಕಾಗುತ್ತದೆಂದು. ಅದರ ತುದಿಯಿಂದ ಆ ಹೊಟ್ಟನ್ನು ತೆಗೆದೆ. ಅವಳಿಗೆ ಗೊತ್ತೇ ಆಗಲಿಲ್ಲ.

"ನೋವಾಗಂಗಿಲ್ಲೇನು?"

"ನನ್ನ ಕಾಲಿಗೆ ಏನೂ ಆಗಂಗಿಲ್ರಿ ಅಕ್ಕಾರ" ಎಂದಳು. ದನಿಯಲ್ಲಿ ಹೆಮ್ಮೆ ಇತ್ತು. "ಉಳದ ಹೆಣ್ಮಕ್ಕಳು ಬಿಸಲೇರಿದ್ರ ಗುಬ್ಬಿಗತೆ ಜಿಗಿತಾರ. ನಾ ನಿಂತ್ರೂ ನಿಂತಂಗ, ನಡದ್ರೂ ನಡದಂಗ. ಮುಕಾದಮ ನನ್ನನ್ನ ಮಟಮಟ ಮಧ್ಯಾಹ್ನ ಕಣಕ್ಕ ಇಳಸ್ತಾನ. ಅಲಾಯಿ ಹಬ್ಬದಾಗ ಕೆಂಡ ಹಾಯೋರು ನನ್ನ ಕಾಲು ನೋಡಿ ಕೈ ಮುಗಿಬೇಕು ಅಂತಾನ. ಆ ತಾಯಿ ಹುಲಿಗೆಮ್ಮ ಕೊಟ್ಟಿದ್ದು."

ಮುಕಾದಮ ಎಂದರೆ ಕೂಲಿಯವರ ಮೇಲಿನವ; ಅಲಾಯಿ ಹಬ್ಬ ಎಂದರೆ ಮೊಹರಂ. ರೇಣುಕಾ ಅತ್ತೆಯ ಮಾತಿಗೆ ತಲೆಯಾಡಿಸಿದಳು. ಆ ಮನೆಯಲ್ಲಿ ಅದು ಎಲ್ಲರೂ ಒಪ್ಪಿದ ವರ.

ಡಾಕ್ಟರು ಅವಳನ್ನು ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ನೈಲಾನಿನ ಸಣ್ಣ ಎಳೆಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟುತ್ತ ಹೋದರು. "ಮುಟ್ಟಿದಾಗ ಹೂಂ ಅನ್ನಬೇಕವಾ" ಎಂದಿದ್ದರು. ಎರಡೂ ಪಾದ ಮುಗಿದವು. ಹುಲಿಗೆವ್ವ ಕಣ್ಣು ಮುಚ್ಚಿಕೊಂಡೇ, "ಶುರು ಮಾಡ್ರೆಲಾ ಸಾಹೇಬ್ರ" ಎಂದಳು.

ನಾನು ಆ ಕೋಣೆಯಲ್ಲಿ ಬಹಳ ಜನರನ್ನು ನೋಡಿದ್ದೇನೆ. ಆ ಮಾತಿನಷ್ಟು ಭಾರವಾದದ್ದನ್ನು ಕೇಳಿಲ್ಲ.

ಡಾಕ್ಟರು ಒರಟಾಗಿಯೇ ಹೇಳಿದರು. ಅವರ ಸ್ವಭಾವವೇ ಹಾಗೆ. ಸಕ್ಕರೆ ನರಗಳನ್ನು ತಿಂದಿದೆ, ಇದು ವರವಲ್ಲ. ಸಕ್ಕರೆ ಇಳಿದು, ಕಾಲು ನೆಲಕ್ಕೆ ತಾಗದೆ ಇದ್ದರೆ ಹುಣ್ಣು ಮಾಯುತ್ತದೆ. ಇಲ್ಲವಾದರೆ ಕಾಲು ತೆಗೆಯಬೇಕಾಗುತ್ತದೆ.

ಹುಲಿಗೆವ್ವ ಎದ್ದು ಕೂತಳು. "ಕಾಲಿದ್ರನ ನನ್ನ ಕೂಲಿ, ಅಕ್ಕಾರ" ಎಂದು ನನಗೆ ಹೇಳಿದಳು, ಅವರಿಗಲ್ಲ.

ಅವಳ ಊಟ ಹೊಂದಿಸಲು ಹಲವು ಸಲ ಕೂತೆವು. ಎರಡು ತತ್ತಿ, ಹೆಸರುಕಾಳಿನ ಉಸಳಿ, ಬದನೆಕಾಯಿ, ಸೌತೆಕಾಯಿ, ಚಟ್ನಿಗೆ ಶೇಂಗಾ ಹಿಂಡಿ, ಮಜ್ಜಿಗೆ, ಕಾಲುವೆಯ ಮೀನು ಸಿಕ್ಕ ದಿನ ಮೀನು. ರೊಟ್ಟಿ ಅರ್ಧ. ಅನ್ನ ಸದ್ಯಕ್ಕೆ ಬೇಡ. ಹುಳಿಸೊಪ್ಪಿನ ಪುಂಡಿಪಲ್ಯಕ್ಕೂ ನುಚ್ಚು ಹಾಕಬೇಡ ಎಂದಾಗ ಮಾತ್ರ ಅವಳಿಗೆ ಸಿಟ್ಟು ಬಂತು.

"ನುಚ್ಚು ಹಾಕ್ದಿದ್ರ ಅದು ಪುಂಡಿಪಲ್ಯ ಅಲ್ರಿ, ದನದ ಮೇವು."

"ಬ್ಯಾಳಿ ಹಾಕು. ಶೇಂಗಾ ಕುಟ್ಟಿ ಹಾಕು. ನಮ್ಮನ್ಯಾಗ ಹಂಗ ಮಾಡ್ತೀನಿ."

"ನಿಮ್ಮ ಯಜಮಾನ್ರು ಬಾಯಿಮುಚಗೊಂಡು ತಿಂತಾರ?"

"ಬಾಯಿ ಮುಚ್ಚಿದ್ರ ತಿನ್ನೋದು ಹ್ಯಾಂಗ? ಬೈಕೋತ ತಿಂತಾರ" ಅಂದೆ. ನಕ್ಕಳು. ಅದಾದ ಮೇಲೆ ನನ್ನ ಮಾತು ಕೇಳತೊಡಗಿದಳು.

ರೇಣುಕಾ ಸೂಜಿ ಹಾಕುವುದನ್ನು ಕಲಿತಳು. ದವಾಖಾನೆಯ ಯಂತ್ರವೊಂದನ್ನು ಅವರ ಮನೆಗೆ ಕೊಟ್ಟೆವು. ಊಟಕ್ಕೆ ಮೊದಲು, ಊಟವಾದ ಮೇಲೆ ನೋಡಿ ನನಗೆ ಫೋನು ಮಾಡುತ್ತಿದ್ದಳು. ನಾನು ಡಾಕ್ಟರಿಗೆ ಹೇಳಿ ಸೂಜಿಯ ಅಳತೆ ಕೇಳಿ ತಿರುಗಿ ತಿಳಿಸುತ್ತಿದ್ದೆ. ಮುಕಾದಮನಿಗೂ ಹೇಳಿಸಿದೆವು. ಆತ ಗೊಣಗುತ್ತಲೇ ಅವಳನ್ನು ನೆರಳಿನಲ್ಲಿ ಚೀಲದ ಬಾಯಿ ಹೊಲಿಯಲು ಕೂರಿಸಿದ. ಅಲ್ಲಿ ಕೂಲಿ ಕಡಿಮೆ. ಸಕ್ಕರೆ ಬೇಗ ಬೇಗ ಇಳಿಯಿತು. ಅಷ್ಟು ಹಿಡಿತದಲ್ಲಿ ಇಟ್ಟವರನ್ನು ನಾನು ಹೆಚ್ಚು ನೋಡಿರಲಿಲ್ಲ. ಡಾಕ್ಟರು ಖುಷಿಯಾಗಿ ಮೌಲಾಸಾಬನನ್ನು ಕಳಿಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದರು. ಪೇಶಂಟ್‌ಗಳಿಗೆ ಕಾಣದಂತೆ ಒಳಗಿನ ಕೋಣೆಯಲ್ಲಿ ತಿಂದೆವು. ಹುಣ್ಣಿನ ಅಂಚು ಗುಲಾಬಿಯಾಗಿ ಒಳಗೆ ಸರಿಯುತ್ತಿತ್ತು. ದಿನವೂ ಒಂದು ಚೂರು ಚಿಕ್ಕದಾಗುತ್ತಿತ್ತು. ಹುಣ್ಣು ಮುಚ್ಚಿತು.

ಇಲ್ಲಿಗೇ ನಿಲ್ಲಿಸಿದ್ದರೆ ಹೊಸ ಮಕ್ಕಳಿಗೆ ಒಳ್ಳೆಯ ಪಾಠವಾಗುತ್ತಿತ್ತು.

ಹುಣ್ಣು ಮುಚ್ಚಿದ ಕೆಲವು ದಿನಗಳಿಗೆ ರೇಣುಕಾ ಅತ್ತೆಯನ್ನು ಆಟೋದಲ್ಲಿ ಕರೆತಂದಳು. ಹುಲಿಗೆವ್ವ ಎರಡೂ ಪಾದಗಳಿಗೆ ಒದ್ದೆ ಗೋಣಿಚೀಲ ಸುತ್ತಿಕೊಂಡಿದ್ದಳು. ಸೀರೆಯ ಅಂಚು ತಾಗದಂತೆ ಮೊಣಕಾಲಿನವರೆಗೆ ಎತ್ತಿ ಹಿಡಿದಿದ್ದಳು. ಮುಖ ಸೊರಗಿತ್ತು.

"ಅಕ್ಕಾರ, ನನ್ನ ಕಾಲಿಗೆ ಏನು ಮಾಡೀರಿ ನೀವು?"

"ಏನಾತವಾ?"

"ಉರಿ. ಬೆಂಕಿ ಇಟ್ಟಂಗ ಉರಿ. ಅರಿವಿ ತಾಗಿದ್ರ ಚೀರತೀನಿ. ಗಾಳಿ ಬೀಸಿದ್ರೂ ತಡಿಯಾಕಾಗವಲ್ದು. ಜಲ್ಮದಾಗ ಹಿಂಗ ಉರದಿದ್ದಿಲ್ಲ."

ಡಾಕ್ಟರು ನೋಡಿದರು. ಪಾದದಲ್ಲಿ ಹುಣ್ಣಿಲ್ಲ, ಬಾವಿಲ್ಲ, ಕೆಂಪಿಲ್ಲ. ಬಹಳ ಏರಿದ್ದ ಸಕ್ಕರೆಯನ್ನು ಬಹಳ ಬೇಗ ಇಳಿಸಿದರೆ ಕೆಲವರಿಗೆ ಹೀಗಾಗುತ್ತದೆ, ಕೆಟ್ಟುಹೋದ ನರಗಳು ನೋಯತೊಡಗುತ್ತವೆ, ತಿಂಗಳುಗಳಾದ ಮೇಲೆ ತಾನಾಗಿ ತಗ್ಗುತ್ತದೆ ಎಂದರು. "ನಿಧಾನಕ್ಕ ಇಳಸಬೇಕಿತ್ರಿ" ಎಂದು ನನಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೇಳಿದರು. ಅವರು ಹಾಗೆ ಮೆತ್ತಗೆ ಮಾತಾಡಿದ್ದು ಅಪರೂಪ. ನೋವಿಗೆ ಗುಳಿಗೆ ಬರೆದುಕೊಟ್ಟರು. ಊಟ ಮಾತ್ರ ಬಿಡಬೇಡ, ತಾಳಿಕೋ ಎಂದರು.

"ಸಕ್ಕರಿ ಇದ್ದಾಗ ಕಾಲು ತಮ್ಮ ಪಾಡಿಗೆ ತಾವು ಇದ್ದವು" ಎಂದಳು ಹುಲಿಗೆವ್ವ. "ಸಕ್ಕರಿ ಹೋದ ಮ್ಯಾಲ ಉರಿಯಾಕತ್ತಾವ. ನೆಳ್ಳಾಗ ಕುಂತ್ರೂ ಉರಿ. ಇಂಥಾ ಕಾಲು ತಗೊಂಡು ಕಣಕ್ಕ ಹ್ಯಾಂಗ ಇಳೀಲಿ? ನೀವ ಹೇಳ್ರಿ."

ನಾನು ಹೇಳಿದೆ. ಕಣಕ್ಕೆ ಇಳಿಯಲೇಬೇಡ, ಚೀಲ ಹೊಲಿ ಎಂದೆ. ಉರಿ ತಗ್ಗುತ್ತದೆ, ಡಾಕ್ಟರು ಸುಳ್ಳು ಹೇಳುವುದಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ದೇವಿ ಕೊಟ್ಟದ್ದನ್ನು ಕಸಿದುಕೊಂಡವಳ ಮುಖದ ಹಾಗೆ ಅದು ಅವಳಿಗೆ ಕಂಡಿರಬೇಕು.

ಅದಾದ ಮೇಲೆ ರೇಣುಕಾಳ ಫೋನು ಕಡಿಮೆಯಾಯಿತು. ನಾನೇ ಮಾಡಿದೆ. "ಅತ್ತಿ ಮತ್ತ ಅನ್ನಕ್ಕ ಹೊಳ್ಯಾಳ್ರಿ ಅಕ್ಕಾರ. ಸೂಜಿನೂ ಒಲ್ಲೆ ಅಂತಾಳ. ಉರಿ ಕಮ್ಮಿ ಆಗೇತಂತ. ಕಣಕ್ಕ ಹೋಗ್ಯಾಳ" ಎಂದಳು. ಉರಿ ಹೇಗೂ ತಗ್ಗುವ ಹೊತ್ತಿಗೆ ತಗ್ಗಿತ್ತು ಎಂದರು ಡಾಕ್ಟರು. ಅವಳ ಲೆಕ್ಕದಲ್ಲಿ ಮಾತ್ರ ಅದನ್ನು ಆರಿಸಿದ್ದು ಅನ್ನ.

ಸಕ್ಕರೆ ಕಾಯಿಲೆಯವರಿಗೆಂದು ಮೆತ್ತನೆಯ ಅಡಿ ಇರುವ ಚಪ್ಪಲಿ ಮಾಡಿಸಿ ಕೊಡುವ ರೂಢಿ ನಮ್ಮ ದವಾಖಾನೆಯಲ್ಲಿತ್ತು. ಹುಣ್ಣು ಮಾಯುತ್ತಿದ್ದಾಗ ತೆಗೆದುಕೊಂಡಿದ್ದ ಅವಳ ಪಾದದ ಅಳತೆ ನನ್ನಲ್ಲಿತ್ತು. ಕಪ್ಪು ಪಟ್ಟಿಯ ಒಂದು ಜೋಡಿ ಮಾಡಿಸಿಕೊಂಡು, ಮೌಲಾಸಾಬನ ಜೊತೆ ಕಾರಟಗಿಗೆ ಹೋದೆ. ಸುಡುವ ನೆಲದ ಮೇಲೆ ನಡೆಯಲೇಬೇಕೆಂದರೆ ಚಪ್ಪಲಿ ಹಾಕಿಕೊಂಡಾದರೂ ನಡೆಯಲಿ ಎನ್ನುವುದು ನನ್ನ ಲೆಕ್ಕ.

ಮಧ್ಯಾಹ್ನವಾಗಿತ್ತು. ಕಣದ ತುಂಬ ಹೊಂಬಣ್ಣದ ಭತ್ತ, ಅದರಿಂದ ಏಳುವ ಹುಳಿ ಹುಳಿ ಕುದಿವಾಸನೆ. ಹೆಂಗಸರೆಲ್ಲ ಬೇವಿನ ನೆರಳಿಗೆ ಸರಿದಿದ್ದರು. ನಡುಕಣದಲ್ಲಿ ಅವಳೊಬ್ಬಳೇ ಕಾಲೆಳೆಯುತ್ತ ನಡೆಯುತ್ತಿದ್ದಳು. ಹಿಂದೆ ನೇರವಾದ ಗೆರೆಗಳು ಬೀಳುತ್ತಿದ್ದವು. ಕರೆದೆ, ಕೇಳಿಸಲಿಲ್ಲ. ಗಿರಣಿಯ ಸದ್ದು. ಕಣಕ್ಕೆ ಇಳಿಯಲು ಹೋದೆ.

"ಚಪ್ಪಲಿ ಬಿಡ್ರೀ ಅಮ್ಮಾರ!" ಎಂದು ಮುಕಾದಮ ಕೂಗಿದ. "ನೆಲ್ಲು ಅದು! ಲಕ್ಷ್ಮಿ ಮ್ಯಾಲ ಚಪ್ಪಲಿ ಇಡ್ತೀರೇನು?"

ಬಿಟ್ಟು ಇಳಿದೆ. ಕೆಲವು ಹೆಜ್ಜೆಗಳಷ್ಟೇ. ಅಂಗಾಲಿಗೆ ಕಾದ ಕಾವಲಿ ತಾಗಿದಂತಾಗಿ ಒಂದು ಕಾಲೆತ್ತಿ ಇನ್ನೊಂದು ಕಾಲಿಟ್ಟು ಕುಣಿದೆ. ನೆರಳಿನಲ್ಲಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. "ದವಾಖಾನಿ ಅಕ್ಕಾರು ಕುಣಿಯಾಕತ್ಯಾರ, ಹಲಗಿ ಬಾರಸ್ರಿ!" ಎಂದಳೊಬ್ಬಳು. ಹುಲಿಗೆವ್ವ ತಿರುಗಿ ನೋಡಿದಳು. ಅವಳೂ ನಕ್ಕಳು. ನಾನು ಕುಣಿಯುತ್ತಿದ್ದ ಅದೇ ಭತ್ತದ ಮೇಲೆ ಅವಳು ಸುಮ್ಮನೆ ನಿಂತಿದ್ದಳು, ಹಾಸಿಗೆಯ ಮೇಲೆ ನಿಂತವರ ಹಾಗೆ.

ನನ್ನ ಕೈ ಹಿಡಿದು ಅಂಚಿಗೆ ತಂದಳು. ಚಪ್ಪಲಿ ಕೊಟ್ಟೆ. ಒತ್ತಿ ನೋಡಿದಳು, ಮೂಸಿದಳು, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. "ಭಾಳ ಛಲೋ ಅದಾವ್ರಿ, ಹತ್ತಿ ಮ್ಯಾಲೆ ನಡದಂಗ ಐತಿ" ಎಂದಳು. ಕಣದ ಅಂಚಿಗೆ ಬರುತ್ತಲೇ ಬಿಟ್ಟಳು. ಎರಡನ್ನೂ ಜೋಡಿಸಿ ಕಟ್ಟೆಯ ಮಗ್ಗುಲಿಗೆ ಇಟ್ಟಳು.

"ಹಾಕ್ಕೊಂಡ ಇಳಿಯವಾ. ಅದಕ್ಕ ತಂದಿದ್ದು."

"ಎಂಥಾ ಮಾತಾಡ್ತೀರಿ ಅಕ್ಕಾರ. ಉಣ್ಣೋ ಕಾಳದು."

"ನಿನ್ನ ಕಾಲು ಹೋಗತೈತಿ ಹುಲಿಗೆವ್ವಾ."

"ಉರಿಯೋ ಕಾಲು ಕೊಟ್ಟಿದ್ರಿ. ಅದನ್ನ ತಗೊಂಡು ಮನ್ಯಾಗ ಕುಂದ್ರಬೇಕಿತ್ತು. ಇದು ದುಡಿಯೋ ಕಾಲು. ಇರೋತನಕ ಇರಲಿ ಬಿಡ್ರಿ" ಎಂದು ಇಳಿದು ಹೋದಳು.

ಮುಕಾದಮನನ್ನು ಕೇಳಿಕೊಂಡೆ, ಅವಳನ್ನು ಚೀಲದ ಕೆಲಸಕ್ಕೇ ಹಾಕಿ ಎಂದು. ಕೆಟ್ಟ ಮನುಷ್ಯನಲ್ಲ ಆತ. "ಆಕಿನ ಒಲ್ಲೆ ಅಂತಾಳಲ್ರಿ. ಮಧ್ಯಾಹ್ನ ಇಳಿಯೋರು ಮತ್ತ್ಯಾರು ಅದಾರ, ಹೇಳ್ರಿ?" ಎಂದ. ಹೊರಡುವಾಗ ತಿರುಗಿ ನೋಡಿದೆ. ಕಟ್ಟೆಯ ಬಳಿ ಹೊಸ ಚಪ್ಪಲಿಗಳು ಶಾಲೆಯ ಮಕ್ಕಳ ಹಾಗೆ ಕಾಲು ಜೋಡಿಸಿಕೊಂಡು ಕೂತಿದ್ದವು.

ಮುಂದಿನ ಸುಗ್ಗಿಯಲ್ಲಿ ಅದೇ ಬಲಗಾಲಿನ ಅಡಿ ಮತ್ತೆ ಒಡೆಯಿತು. ಅವಳು ಯಾರಿಗೂ ಹೇಳಲಿಲ್ಲ, ಯಾಕೆಂದರೆ ಅವಳಿಗೇ ಗೊತ್ತಾಗಲಿಲ್ಲ. ವಾಸನೆ ಬಂದ ಮೇಲೆ ರೇಣುಕಾ ನೋಡಿದಳು. ನಮ್ಮಲ್ಲಿಗೆ ತರುವ ಹೊತ್ತಿಗೆ ಕೀವು ಮೀನಖಂಡದವರೆಗೆ ಏರಿತ್ತು. ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಮತ್ತೆ ಕಟ್ಟಿ, ಕೊಪ್ಪಳಕ್ಕೆ ಕರೆದೊಯ್ಯಲು ಹೇಳಿದರು. ಅಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ತಿಂಗಳುಗಟ್ಟಲೆ ಅವಳು ಬರಲಿಲ್ಲ. ನಾನು ಹೋಗಲಿಲ್ಲ. ಆಮೇಲೆ ಒಂದು ದಿನ ಕಂಕುಳ ಕೆಳಗೆ ಕೋಲು ಇಟ್ಟುಕೊಂಡು ತಾನೇ ಬಂದಳು. ನನ್ನ ಎದುರು ಕೂತಳು. ಹೇಳುವ ಮೊದಲೇ ಎಡಗಾಲಿನ ಚಪ್ಪಲಿ ಬಿಟ್ಟು ಪಾದ ಮುಂದೆ ಚಾಚಿದಳು. ಪಾದ ಚೊಕ್ಕಟವಾಗಿತ್ತು, ಕೊಬ್ಬರಿ ಎಣ್ಣೆ ಹಚ್ಚಿತ್ತು.

ಅನ್ನ ಬಿಟ್ಟಿದ್ದಾಳೆ, ಸೂಜಿ ತಪ್ಪಿಸುವುದಿಲ್ಲ ಎಂದಳು ರೇಣುಕಾ. ಬೆರಳು ಚುಚ್ಚಿ ನೋಡಿದೆ. ಬಹಳ ಒಳ್ಳೆಯ ಅಂಕಿ. ನಮ್ಮ ಮೇಜಿನ ಬಳಿ ಅಂಥ ಅಂಕಿ ಬಂದಾಗ ಮೌಲಾಸಾಬ "ಶಾಭಾಸ್" ಅನ್ನುವುದು ರೂಢಿ. ಅವತ್ತು ಅವನು ಬಂದು ಅಂಕಿ ನೋಡಿ, ಅವಳ ಕೋಲು ಜಾರದಂತೆ ಗೋಡೆಗೆ ಆನಿಸಿಟ್ಟು ಹೋದ.

"ಈಗ ಚೀಲ ಹೊಲಿತೀನ್ರಿ" ಎಂದಳು. "ನುಚ್ಚಿಲ್ಲದ ಪುಂಡಿಪಲ್ಯ ರೂಢಿ ಆಗೇತಿ." ಆಮೇಲೆ ಕೈಚೀಲದಿಂದ ಒಂದು ಪೊಟ್ಟಣ ತೆಗೆದು ತಾಟಿನ ಪಕ್ಕದಲ್ಲಿ ಇಟ್ಟಳು. ಬಿಚ್ಚಿದೆ. ಬಲಗಾಲಿನ ಚಪ್ಪಲಿ. ಅಡಿಯಲ್ಲಿ ಒಂದು ಗೀರೂ ಇರಲಿಲ್ಲ.

"ಎಡದ್ದು ನಂಗ ಬೇಕು. ಇದು ಹೊಸಾದ ಐತಿ ನೋಡ್ರಿ, ಕಣಕ್ಕೊಂದು ದಿನ ಇಳಿಸಿಲ್ಲ. ಯಾರಿಗರ ಬೇಕಾಗತೈತಿ, ಇಟ್ಗೋರ್ರಿ."

"ಒಂದ ಯಾರಿಗೆ ಬೇಕಾದೀತವಾ?" ಎಂದೆ.

"ನಿಮ್ಮಲ್ಲಿಗೆ ಬರೋರಿಗೆ" ಎಂದಳು.

ಚಪ್ಪಲಿಯನ್ನು ಹಿಂದಿನ ಗೂಡಿನಲ್ಲಿ ಕಾಗದ ಸುತ್ತಿ ಇಟ್ಟೆ. ಅದು ಅಲ್ಲೇ ಧೂಳು ತಿನ್ನಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಅದಾದ ಮೇಲೆ ಯಾರೇ ಬರಲಿ, ತಾಟಿಗಿಂತ ಮೊದಲು ಚಪ್ಪಲಿ ಬಿಡಿಸುತ್ತಿದ್ದೆ. ಬಹಳ ಕಾಲುಗಳನ್ನು ನೋಡಿದೆ. ಕೆಲವು ಸಲ ಸಣ್ಣ ಗುಳ್ಳೆ ಇದ್ದಾಗಲೇ ಸಿಕ್ಕಿತು. ಸಕ್ಕರೆಯನ್ನು ಅವಸರ ಮಾಡದೆ ಇಳಿಸುವುದನ್ನು ಡಾಕ್ಟರೂ ಕಲಿತರು, ನಾನೂ ಕಲಿತೆ. ಎಲ್ಲಿ ಕೆಲಸ ಮಾಡುತ್ತೀರಿ, ಎಂಥ ನೆಲದ ಮೇಲೆ ನಿಲ್ಲುತ್ತೀರಿ, ಕಾಲು ಉರಿದರೆ ಮನೆಯಲ್ಲಿ ಯಾರು ದುಡಿಯುತ್ತಾರೆ ಎಂದು ಕೇಳುವುದನ್ನೂ ಕಲಿತೆ. ಈಗ ತೋಳಿಗೆ ಅಂಟಿಸುವ ಬಿಲ್ಲೆ ಬಂದಿದೆ. ತಿಂದ ತುತ್ತು ತುತ್ತಿಗೂ ಸಕ್ಕರೆ ಹೇಗೆ ಏರಿತು ಎಂದು ಫೋನಿನಲ್ಲಿ ಗೆರೆ ಮೂಡುತ್ತದೆ. ಆ ಹುಡುಗಿ ಅದನ್ನು ಚೆನ್ನಾಗಿ ಓದುತ್ತಾಳೆ. ಹೆಬ್ಬೆರಳಿನ ಬುಡದ ನೊಣ ಆ ಗೆರೆಯಲ್ಲಿ ಕಾಣುವುದಿಲ್ಲ.

ಚಪ್ಪಲಿ ಧೂಳು ತಿನ್ನಲಿಲ್ಲ. ನವಲಿಯಿಂದ ಒಬ್ಬ ಗದ್ದೆ ಕೂಲಿಯವ ಬಂದ, ಯಮನೂರಪ್ಪ ಎಂದು. ಎಡಗಾಲು ಮೊದಲೇ ಹೋಗಿತ್ತು, ಅದೇ ಸಕ್ಕರೆಯಿಂದ. ಉಳಿದ ಬಲಗಾಲಿನ ಅಡಿಯಲ್ಲಿ ಹಿಂದಿನ ಗಾಯದ ಗಟ್ಟಿ ಕಲೆ. ಎದ್ದು ಗೂಡಿನತ್ತ ಹೋದೆ. ಕಾಗದ ಬಿಚ್ಚಿ ಅವನ ಮುಂದಿಟ್ಟೆ. ಆ ಕಪ್ಪು ಚಪ್ಪಲಿ ಅವನ ಕಾಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಅವನು ಪಾದವನ್ನು ಅತ್ತ ಇತ್ತ ತಿರುಗಿಸಿ ನೋಡಿದ. "ಇನ್ನೊಂದು ಎಲ್ಲೈತ್ರಿ ಅಕ್ಕಾರ?"

"ಕಾರಟಗ್ಯಾಗ ಒಬ್ಬಾಕಿ ಕಾಲಾಗ ಐತಿ."

ತನ್ನ ಇಲ್ಲದ ಎಡಗಾಲಿನ ಕಡೆ ನೋಡಿ ಅರ್ಥ ಮಾಡಿಕೊಂಡ. ಆಮೇಲೆ ಜೋರಾಗಿ ನಕ್ಕ. ಮೌಲಾಸಾಬ ಬಾಗಿಲಿಗೆ ಬಂದು ಇಣುಕಿದ. "ಛಲೋ ಆತು ಬಿಡ್ರಿ. ಆ ತಂಗಿಗೆ ಹೇಳ್ರಿ, ಇವು ಸವದ ಮ್ಯಾಲ ಇಬ್ರೂ ಕೂಡಿ ಒಂದ ಜೋಡಿ ಮಾಡಸೂಣಂತ. ಯಾಕ ದಂಡ?" ಎಂದ ಯಮನೂರಪ್ಪ.

ಹುಲಿಗೆವ್ವನಿಗೆ ಹೇಳಿದೆ. ಅವಳೂ ನಕ್ಕಳು. "ಆತಂತ ಹೇಳ್ರಿ ಆ ಅಣ್ಣಗ" ಎಂದಳು. ಅವರಿಬ್ಬರೂ ಒಬ್ಬರನ್ನೊಬ್ಬರು ಇವತ್ತಿಗೂ ನೋಡಿಲ್ಲ.

ನನ್ನ ಕೆಲಸದ ಕಡೆಯ ದಿನ ದವಾಖಾನೆಯವರು ಶಾಲು ಹೊದಿಸಿದರು. ಡಾಕ್ಟರು ನಾಲ್ಕು ಮಾತಾಡಿದರು. ಮೌಲಾಸಾಬನ ಹೊರತು ಎಲ್ಲರೂ ಹೋದ ಮೇಲೆ ಮೇಜಿನ ಮುಂದೆ ಬಂದು ಕೂತೆ. ಆ ಬೆಳಿಗ್ಗೆ ಬಂದ ಪೊಟ್ಟಣವೊಂದು ಹಾಗೇ ಇತ್ತು. ಕಪ್ಪು ಪಟ್ಟಿಯ ಹೊಸ ಜೋಡಿ, ಎರಡನ್ನೂ ಸೇರಿಸಿ ಒಂದು ಬಿಳಿ ದಾರ ಹಾಕಿದ್ದರು. ಖಾನೆಯಿಂದ ಕಸೂತಿ ಕತ್ತರಿ ತೆಗೆದು ಆ ದಾರ ಕತ್ತರಿಸಿದೆ. ಎಡದ್ದನ್ನು ಒಂದು ಕಾಗದದಲ್ಲಿ ಸುತ್ತಿ ಕಾರಟಗಿ ಎಂದು ಬರೆದೆ. ಬಲದ್ದನ್ನು ಇನ್ನೊಂದರಲ್ಲಿ ಸುತ್ತಿ ನವಲಿ ಎಂದು ಬರೆದೆ. ಎರಡನ್ನೂ ಮೌಲಾಸಾಬನ ಕೈಗೆ ಕೊಟ್ಟು, ನನ್ನ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.